ಕತ್ತರಿ ತೆರೆಯದ ಕಂಪ್ಯೂಟರು

ಕಂಪ್ಯೂಟರು ರಿಪೇರಿಯಾಗಿ ರಾಯಚೂರಿನಿಂದ ವಾಪಸು ಬಂದಾಗ ಅದರ ಡಬ್ಬಿ ಹಳೆಯದೇ ಇತ್ತು. ಒಳಗಿನ ಬೋರ್ಡು ಹೊಸದು, ಸಿಸ್ಟಮ್ ಹೊಸದು. ಅಂಗಡಿಯ ಮಾಲಕರು ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ದೇವದುರ್ಗಕ್ಕೆ ತಂದಿದ್ದರು. ಮೇಜಿನ ಮೇಲಿಟ್ಟು, ವೈರುಗಳನ್ನು ಸಿಕ್ಕಿಸಿ, ಹಣೆ ಒರೆಸಿಕೊಂಡು ಗುಂಡಿ ಒತ್ತಿದರು.

“ನೋಡ್ರಿ ಅಕ್ಕಾ. ಇನ್ನ ಗುಂಡಿ ಒತ್ತಿ ಚಾ ಕುಡಿಲಿಕ್ಕೆ ಹೋಗಾಂಗಿಲ್ಲ. ಚಾದ ಕಪ್ ತುಟಿಗಿ ಹತ್ತೂದ್ರಾಗ ಚಾಲೂ ಆಗಿರ್ತದ.”

ಅದು ನಿಜವಾಗಿತ್ತು. ಪರದೆ ಬೇಗ ಬೆಳಗಿತು. ನನ್ನ ಹಳೆಯ ಫೈಲುಗಳೆಲ್ಲ ಇದ್ದವು. ಮೂಲೆಯಲ್ಲಿ ಕತ್ತರಿಯ ಚಿತ್ರವೂ ಇತ್ತು. ಅದರ ಮೇಲೆ ಎರಡು ಸಲ ಒತ್ತಿದೆ. ಒಂದು ಬಿಳಿ ಚೌಕ ಬಂದು ಇಂಗ್ಲಿಷಿನಲ್ಲಿ ಏನೋ ಹೇಳಿತು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಈ ಪ್ರೋಗ್ರಾಮು ಈ ಕಂಪ್ಯೂಟರಿನಲ್ಲಿ ಓಡುವುದಿಲ್ಲ ಎಂದು ಅದರ ಅರ್ಥ.

ಮೊಮ್ಮಕ್ಕಳೇ, ನನ್ನ ಕೆಲಸ ಏನೆಂದು ನಿಮಗೆ ಸರಿಯಾಗಿ ಗೊತ್ತಿಲ್ಲ. ಶಾಲೆಯಲ್ಲಿ ಯಾರಾದರೂ ಕೇಳಿದರೆ ‘ನಮ್ಮಜ್ಜಿ ಮೈಕಿನ ಅಂಗಡ್ಯಾಗ ಇರ್ತಾಳ’ ಎಂದು ಹೇಳುತ್ತೀರಂತೆ. ಅಷ್ಟು ಸಾಲದು. ಊರೂರಿಗೆ ಹೋಗಿ ಸುದ್ದಿ ಸಾರುವ ಪ್ರಚಾರದ ಆಟೊ ನೋಡಿದ್ದೀರಿ. ಅದರ ಮೇಲೆ ಮುಂದಕ್ಕೊಂದು ಹಿಂದಕ್ಕೊಂದು ಹಾರ್ನ್ ಇರುತ್ತವೆ. ಅದರಲ್ಲಿ ಕೇಳುವ ಹೆಂಗಸಿನ ದನಿಯನ್ನು ಅಂಗಡಿಯ ಹಿಂದಿನ ಖೋಲಿಯಲ್ಲಿ ಕುಳಿತು ರೆಕಾರ್ಡ್ ಮಾಡುವವಳು ನಾನು. ದನಿ ಮಾರ್ದನಿಗೊಡಬಾರದೆಂದು ಆ ಖೋಲಿಯ ಗೋಡೆಗಳಿಗೆಲ್ಲ ಕೌದಿ ಕಟ್ಟಿದೆ. ನನ್ನ ದನಿ ಮೂರು ತಾಲೂಕು ತಿರುಗಿದರೂ ನಾನು ಅದರ ಜೊತೆ ತಿರುಗಿದವಳಲ್ಲ. ಆ ಆಟೊ ಎದುರಿಗೆ ಬಂದರೆ ಸೆರಗು ಮುಂದೆಳೆದುಕೊಂಡು ಸಂದಿಯಲ್ಲಿ ಹೋಗಿಬಿಡುತ್ತಿದ್ದೆ.

ಕತ್ತರಿ ಎಂಬುದು ದನಿಯನ್ನು ಕತ್ತರಿಸಿ ಜೋಡಿಸುವ ಪ್ರೋಗ್ರಾಮು. ಅದರ ನಿಜವಾದ ಹೆಸರು ಈಗಲೂ ನನ್ನ ನಾಲಿಗೆಗೆ ಹೊರಳುವುದಿಲ್ಲ. ಕ್ಯಾಸೆಟ್ ಹೋಗಿ ಕಂಪ್ಯೂಟರ್ ಬಂದಾಗ ನಿಮ್ಮ ತಾತ ಅದನ್ನು ಒಂದು ಸೀಡಿಯಲ್ಲಿ ತಂದು ಹಾಕಿದ್ದರು. ಅಂಗೈಯಗಲದ ಕಿಟಕಿ, ನಡುವೆ ದನಿಯ ಹಸಿರು ಗೆರೆ, ಕೆಳಗೆ ನಾಲ್ಕಾರು ಗುಂಡಿ. ಇಷ್ಟೇ. ನಮ್ಮ ಹಳೆಯ ಯಂತ್ರದ ಮೇಲೆ ಅದು ಭಾರವನ್ನೇ ಹಾಕುತ್ತಿರಲಿಲ್ಲ.

ಊರಿನ ಹೆಸರುಗಳನ್ನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಇಟ್ಟಿರುತ್ತಿದ್ದೆ. ‘ಗೂಗಲ್ ಗ್ರಾಮದ ಹಿರಿಯರೇ, ತಾಯಂದಿರೇ’ ಎಂಬುದು ಒಂದು ತುಂಡು. ಅದಕ್ಕೆ ನಾವು ಕರೆ ಎನ್ನುತ್ತಿದ್ದೆವು. ಸುದ್ದಿ ಇನ್ನೊಂದು ತುಂಡು. ಕರೆ ಮೊದಲು, ಆಮೇಲೆ ಏನೂ ಇಲ್ಲದ ಖಾಲಿ, ಆಮೇಲೆ ಸುದ್ದಿ. ಒಂದು ಸಲ ಉಸಿರು ಎಳೆದು ನಿಧಾನವಾಗಿ ಬಿಡುವಷ್ಟು ಖಾಲಿ ಹಾಕುತ್ತಿದ್ದೆ. ‘ಕರೆದ ಮ್ಯಾಲ ನಿಂದ್ರಬೇಕು’ ಎಂದು ನಿಮ್ಮ ತಾತ ಕಲಿಸಿದ್ದರು. ಯಾಕೆ ಎಂದು ನಾನು ಕೇಳಿರಲಿಲ್ಲ. ಕೆಲಸ ಕಲಿಯುವಾಗ ಕೇಳಬೇಕಾದ ಎಷ್ಟೋ ಪ್ರಶ್ನೆಗಳನ್ನು ನಾಚಿಕೆಯಿಂದ ನುಂಗಿಕೊಂಡೇ ನಾನು ಕಲಿತದ್ದು.

ಕತ್ತರಿ ತೆರೆಯಲಿಲ್ಲ ಎಂದು ಹೇಳಿದಾಗ ಮಾಲಕರು ಕುರ್ಚಿಯ ಮೇಲೆ ಕುಳಿತರು.

“ಅದೊಂದು ಸಣ್ಣದು ಹೋದ್ರ ಇನ್ನೊಂದು ಹಾಕ್ರಿ.”

“ಇನ್ನೊಂದು ಯಾವ್ದು ಭಾಯಿ?”

“ಅದು ನಿಮಗ ಗೊತ್ತು. ನನಗ ಹಾರ್ನ್ ಕಟ್ಟೂದು ಗೊತ್ತು.” ಆಮೇಲೆ ನನ್ನ ಕಡೆ ನೋಡದೆ, ಟೇಬಲ್ಲಿನ ಧೂಳನ್ನು ಬೆರಳಿನಿಂದ ಗೀರುತ್ತ ಹೇಳಿದರು. “ಕಣ್ಣಿನ ಶಿಬಿರದ ಪ್ರಚಾರ ಬಂದದ. ಮೊದ್ಲು ಕಲ್ಲೂರು. ಅಲ್ಲಿ ಮಂದಿ ಕೂಡಿದ್ರ ಗೂಗಲ್, ಗುಂಜಹಳ್ಳಿ ಎಲ್ಲಾ ನಮಗ. ಇಲ್ಲಾಂದ್ರ ರಾಯಚೂರಾಗ ಕಂಪ್ಯೂಟರಿನ ಕೈಲೇ ಮಾತಾಡಸೋರು ಅದಾರಂತ. ಟೈಪ್ ಮಾಡಿ ಕೊಟ್ರ ಸಾಕು, ಅದೇ ಓದ್ತದಂತ. ಆವಾಗ ಈ ಖೋಲಿ ಇಟ್ಕೊಂಡು ಏನ್ ಮಾಡೂದು ಅಕ್ಕಾ? ಶಾದಿ ಲೈಟಿಂಗ್ ಸಾಮಾನು ಇಡ್ತೀನಿ.”

ಅವರು ಕೆಟ್ಟ ಮನುಷ್ಯರಲ್ಲ. ನಿಮ್ಮ ತಾತ ತೀರಿಕೊಂಡಾಗ ಆ ಖೋಲಿಯ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟವರೂ ಅವರೇ. ಆದರೆ ಹೇಳಿದ್ದನ್ನು ಮಾಡುವವರು. ಆ ಖೋಲಿ ಹೋದರೆ ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬಂದಿದ್ದರೂ ಅಲ್ಲಿ ಜನರ ಮುಖ ನೋಡಿ ಮಾತಾಡಬೇಕಾಗುತ್ತಿತ್ತು. ಇಲ್ಲಿ ಕೌದಿಯ ಮುಂದೆ ಮಾತಾಡಿದರೆ ಸಾಕು.

ಮೊದಲು ಕತ್ತರಿಯನ್ನೇ ಎಬ್ಬಿಸಲು ನೋಡಿದೆ. ಬಲಗಡೆಯ ಗುಂಡಿ ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಹೊಸ ಸಿಸ್ಟಮ್ಮಿಗೆ ತಾನು ಹಳೆಯದೆಂದು ತೋರಿಸಿಕೊಳ್ಳಲು ಹೇಳಬಹುದು. ಹಾಗೆ ಹೇಳಿದೆ. ಅದೇ ಬಿಳಿ ಚೌಕ ಬಂತು. ಸೀಡಿ ಹುಡುಕಿ ತಂದೆ. ಡಬ್ಬಿಯ ಸೀಡಿ ಹಾಕುವ ಜಾಗವನ್ನು ರಿಪೇರಿಯವರು ಹೊಸ ಬೋರ್ಡಿಗೆ ಜೋಡಿಸಿಯೇ ಇರಲಿಲ್ಲ.

ಪೆನ್‌ಡ್ರೈವಿನಲ್ಲಿ ನನ್ನ ಫೈಲುಗಳನ್ನೂ ಕತ್ತರಿಯನ್ನೂ ತುಂಬಿಕೊಂಡು ಬೆಳಗಿನ ಬಸ್ಸಿಗೆ ರಾಯಚೂರಿಗೆ ಹೋದೆ. ಕಂಪ್ಯೂಟರ್ ರಿಪೇರಿ ಮಾಡಿದಾತ ಬಸ್‌ಸ್ಟ್ಯಾಂಡಿನ ಹತ್ತಿರದ ಕಾಂಪ್ಲೆಕ್ಸಿನ ಮಾಳಿಗೆಯ ಮೇಲೆ ಕೂರುತ್ತಿದ್ದ. ಸುತ್ತ ಬಿಚ್ಚಿದ ಡಬ್ಬಿಗಳು. ನಾನು ಬಾಗಿಲಲ್ಲಿ ನಿಂತೆ. ಗಿರಾಕಿಗಳೆಲ್ಲ ಮುಗಿಯಲಿ ಎಂದು ಕಾದೆ. ಅವರು ಮುಗಿಯಲೇ ಇಲ್ಲ. ಕೊನೆಗೆ ಆತನೇ ತಲೆ ಎತ್ತಿದ.

“ಏನಮ್ಮಾ, ಆಗ್ಲಿಂದ ನಿಂತೀರಿ. ರಿಪೇರಿಯೋ, ಯಾರನ್ನಾದ್ರೂ ಹುಡುಕಾಕತ್ತೀರೋ?”

ಪೆನ್‌ಡ್ರೈವ್ ಕೊಟ್ಟೆ. ಆತ ಕತ್ತರಿಯನ್ನು ನೋಡಿ ನಕ್ಕ. ಅಣಕದ ನಗೆಯಲ್ಲ. ಹಳೆಯ ಗೆಳೆಯ ಎದುರಾದಂತೆ.

“ಇದಿನ್ನೂ ಉಸುರಾಡಾಕತ್ತಿತ್ತೇನು? ಇದನ್ನ ಮಾಡಿದವ್ರು ಯಾವತ್ತೋ ಬಿಟ್ಟಾರಮ್ಮಾ. ಹಳೇ ಮನಿ ಕೀಲಿಕೈ ಹೊಸಾ ಮನಿಗೆ ಹತ್ತಂಗಿಲ್ಲಲ್ಲ, ಹಂಗ ಇದು.”

“ಹಳೇ ಸಿಸ್ಟಮ್ಮೇ ತಿರುಗಿ ಹಾಕಿ ಕೊಡ್ತೀರೇನು?”

“ಬೋರ್ಡ್ ಸುಟ್ಟಿತ್ತು. ಈ ಹೊಸಾ ಬೋರ್ಡು ಅದನ್ನ ಒಪ್ಪಂಗಿಲ್ಲ.”

ಆತ ಮೊದಲು ಒಂದು ದೊಡ್ಡ ಪ್ರೋಗ್ರಾಮು ತೋರಿಸಿದ. ಪರದೆಯ ತುಂಬ ತಿರುಗಣೆಗಳು, ಬಣ್ಣದ ಪಟ್ಟಿಗಳು. ಸಿನಿಮಾ ಹಾಡು ಮಾಡುವವರು ಇದನ್ನೇ ಬಳಸುತ್ತಾರೆ ಎಂದ. ಅದು ತೆರೆಯುವುದಕ್ಕೇ ಆತನ ಯಂತ್ರ ಏದುಸಿರು ಬಿಟ್ಟಿತು. ನಮ್ಮದರಲ್ಲಿ ಅದು ಕೂರುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಾಯಿತು. ಆಮೇಲೆ ಆತ ಹಗುರವಾದ, ಪುಕ್ಕಟೆ ಸಿಗುವ ನಾಲ್ಕಾರನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟ. “ಒಂದೊಂದೇ ಹಾಕಿ ನೋಡ್ರಿ. ಬ್ಯಾಡಾದ್ದನ್ನ ತಗದು ಇನ್ನೊಂದು ಹಾಕ್ರಿ. ಎಲ್ಲಾ ಒಮ್ಮೇಲೆ ಹಾಕಿದ್ರ ಒಂದರ ಕಾಲು ಒಂದು ತುಳೀತಾವ.”

ಆ ಮಾತನ್ನು ಪಾಲಿಸಿದೆ. ಎಲ್ಲಕ್ಕೂ ಒಂದೇ ಪರೀಕ್ಷೆ. ಗೂಗಲ್ಲಿನ ಕರೆಯನ್ನು ತೆರೆಯಬೇಕು, ಅದರ ಕೊನೆಯಲ್ಲಿ ಕೇಳುವ ಉಸಿರಿನ ಸದ್ದನ್ನು ಕತ್ತರಿಸಬೇಕು, ಸುದ್ದಿಗೆ ಜೋಡಿಸಬೇಕು, ಉಳಿಸಬೇಕು, ಪೆನ್‌ಡ್ರೈವಿನಲ್ಲಿ ಆಟೊಗೆ ಒಯ್ದು ಹಾಕಿದರೆ ಅದು ಹಾಡಬೇಕು. ಅಂಗಡಿಯಲ್ಲಿ ಚೆನ್ನಾಗಿ ಕೇಳಿದ್ದು ಆಟೊದಲ್ಲಿ ಕೇಳದಿದ್ದರೆ ಅದು ಕೆಲಸಕ್ಕೆ ಬಾರದು.

ಮೊದಲನೆಯದು ನನ್ನ ಮೈಕನ್ನೇ ಗುರುತಿಸಲಿಲ್ಲ. ಎರಡನೆಯದು ಎಲ್ಲವನ್ನೂ ಮಾಡಿತು, ಆದರೆ ಆಟೊದ ಪ್ಲೇಯರಿಗೆ ಓದಲು ಬಾರದ ನಮೂನೆಯಲ್ಲಿ ಉಳಿಸಿತು. ಮೂರನೆಯದು ನನಗೆ ಹಿಡಿಸಿತ್ತು. ಅದನ್ನು ಹಾಕಿಕೊಂಡು ಆಟೊದವನು ಬಸ್‌ಸ್ಟ್ಯಾಂಡಿನ ತನಕ ಹೋಗಿ, ತಿರುಗಿಸಿಕೊಂಡು ಬಂದು, ಅಂಗಡಿಯ ಮುಂದೆ ಬ್ರೇಕ್ ಹಾಕಿದ.

“ಯಕ್ಕಾ, ನಿನ್ನ ಜೋಡಿ ಒಬ್ಬಾಕಿ ದೊರಸಾನಿ ಕುಂತಾಳಲ್ಲ, ಯಾರಾಕಿ?”

“ಯಾವ ದೊರಸಾನಿ?”

“ನೀ ತಾಯಂದಿರೇ ಅನ್ನೂದ್ರಾಗ ಇಂಗ್ಲಿಷಿನ್ಯಾಗ ಏನೋ ಬೈತಾಳ. ಇದನ್ನ ತಗೊಂಡು ನಾ ಗೂಗಲ್ಲಿಗಿ ಹೋದ್ರ ಅಲ್ಲಮಪ್ರಭುನ ಗುಡಿ ಮುಂದ ಕುಂತ ಹಿರೇರು ನನ್ನ ಆಟೊಕ್ಕೇ ಕಲ್ಲು ಹೊಡೀತಾರ.”

ಹಣ ಕೊಡದೆ ಬಳಸಿದರೆ ನಡುನಡುವೆ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವ ಪ್ರೋಗ್ರಾಮು ಅದು. ಅದನ್ನೂ ತೆಗೆದೆ.

ನಾಲ್ಕನೆಯದು ಒಂದು ನೀಲಿ ಪಟ್ಟಿಯ ಚಿತ್ರದ್ದು. ಮೈಕ್ ಗುರುತಿಸಿತು, ಕತ್ತರಿಸಿತು, ಜೋಡಿಸಿತು, ಆಟೊದ ಪ್ಲೇಯರಿಗೆ ಬೇಕಾದ ನಮೂನೆಯಲ್ಲೇ ಉಳಿಸಿತು. ಕೊನೆಯಲ್ಲಿ ಒಂದು ಹಸಿರು ಸರಿಗುರುತು ತೋರಿಸಿತು. ಕಲ್ಲೂರಿನ ಶಿಬಿರ ಹತ್ತಿರ ಬಂದಿತ್ತು. ಕಲ್ಲೂರಿನ ಕರೆ, ಖಾಲಿ, ಸುದ್ದಿ ಎಂದು ಎಂದಿನಂತೆ ಜೋಡಿಸಿ ಉಳಿಸಿದೆ. ಉಳಿಸಿದ ಫೈಲು ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಅದು ನನ್ನ ಕಣ್ಣಿಗೆ ಬಿತ್ತು. ಹೊಸ ಸಿಸ್ಟಮ್ ಎಲ್ಲವನ್ನೂ ಬೇಗ ಮಾಡುತ್ತದೆ, ಇದನ್ನೂ ಬಿಗಿ ಮಾಡಿದೆ ಎಂದುಕೊಂಡೆ. ಮಾಲಕರು ಕೇಳಿ ಖುಷಿಪಟ್ಟರು.

“ಈಗ ಬರೋಬ್ಬರಿ ರೇಡಿಯೋದಾಗ ಓದಿದಂಗ ಅದ. ನಡುವ ಸುಮ್ಮ ಸುಮ್ಮನ ನಿಂದ್ರೂದು ಇಲ್ಲ. ಜಲ್ದಿ ಮುಗೀತದ, ಓಣಿ ಜಾಸ್ತಿ ಆಗ್ತಾವ.”

ಆಟೊದವನೂ ಒಪ್ಪಿದ. ಕಲ್ಲೂರನ್ನು ಮುಗಿಸಿ ಎಂದಿಗಿಂತ ಬೇಗ ಬಂದು ಅಂಗಡಿಯ ಮುಂದೆ ಚಹಾ ಕುಡಿಯುತ್ತ ಕುಳಿತ. ಆ ದಿನ ನಮ್ಮ ಮೂವರಲ್ಲಿ ಯಾರಿಗೂ ಅನುಮಾನ ಬರಲಿಲ್ಲ.

ಶಿಬಿರಕ್ಕೆ ಜನ ಬರಲಿಲ್ಲ. ಶಾಲೆಯ ಆವರಣದಲ್ಲಿ ಹಾಕಿದ ಬೆಂಚುಗಳು ಹಾಗೇ ಉಳಿದವು. ಶಿಬಿರ ನೋಡಿಕೊಳ್ಳುತ್ತಿದ್ದ ನರ್ಸ್ ಮಾಲಕರಿಗೆ ಫೋನ್ ಮಾಡಿದರು. ಮಾಲಕರು ಸ್ಪೀಕರ್ ಹಾಕಿ ನನಗೂ ಕೇಳಿಸಿದರು.

“ಪ್ರಚಾರ ಮಾಡೀರೋ ಇಲ್ಲೋ ಖರೇ ಹೇಳ್ರಿ. ಇಲ್ಲಿ ಬಂದವ್ರೆಲ್ಲ ಶಾಲಿ ಬಾಜೂ ಮನಿಯವ್ರೇ.”

“ಮಾಡೀವ್ರೀ ಸಿಸ್ಟರ್. ಇಡೀ ಊರು ತಿರುಗ್ಯಾದ ಆಟೊ.”

“ಡಾಕ್ಟರು ಮುಂದಿನ ವಾರ ಇನ್ನೊಮ್ಮಿ ಬರ್ತಾರ. ಇನ್ನೊಮ್ಮಿ ಅಂದ್ರ ಇನ್ನೊಮ್ಮೇ. ಆವಾಗೂ ಹಿಂಗಾದ್ರ ಗೂಗಲ್ಲಿಂದು ಬ್ಯಾರೆಯವ್ರಿಗಿ ಕೊಡ್ತೀವಿ.”

ಮಾಲಕರು ಫೋನ್ ಇಟ್ಟರು. ಸಂಜೆ ಲೈಟಿಂಗ್ ಸಾಮಾನಿನ ಎರಡು ಪೆಟ್ಟಿಗೆ ತಂದು ನನ್ನ ಖೋಲಿಯ ಬಾಗಿಲ ಪಕ್ಕ ಇಟ್ಟರು. ಒಳಗೆ ಇಡಲಿಲ್ಲ.

ನಾನು ಫೈಲನ್ನು ಮತ್ತೆ ಮತ್ತೆ ಕೇಳಿದೆ. ದನಿ ಒಡೆದಿರಲಿಲ್ಲ. ಮಾತು ಸ್ಪಷ್ಟವಾಗಿತ್ತು. ದಿನ, ಜಾಗ ಎಲ್ಲ ಸರಿಯಾಗಿದ್ದವು. ನಡುವೆ ಖಾಲಿ ಇಲ್ಲದ್ದು ಕಿವಿಗೆ ಬಿತ್ತು, ಆದರೆ ಅದು ಯಾಕೆ ಬೇಕೆಂದೇ ತಿಳಿಯದ ನನಗೆ ಅದು ದೋಷ ಅನಿಸಲಿಲ್ಲ. ಖೋಲಿಯಲ್ಲಿ ಕುಳಿತು ಕೇಳಿದರೆ ಅದರಲ್ಲಿ ಯಾವ ದೋಷವೂ ಕಾಣುತ್ತಿರಲಿಲ್ಲ. ಆಗ ನನಗೆ ತೋರಿದ್ದು ಒಂದೇ ದಾರಿ. ಅದು ನನಗೆ ಎಲ್ಲಕ್ಕಿಂತ ಇಷ್ಟವಿಲ್ಲದ್ದು. ಅದನ್ನು ಕಲ್ಲೂರಿನಲ್ಲೇ ಕೇಳಬೇಕು.

ಸುದ್ದಿಯಲ್ಲಿ ದಿನವನ್ನಷ್ಟೇ ಬದಲಿಸಿ ಉಳಿಸಿದೆ. ಎರಡನೆಯ ಶಿಬಿರದ ಹಿಂದಿನ ದಿನ ಬೆಳಿಗ್ಗೆ ಆಟೊದವನಿಗೆ ನಾನೂ ಬರುತ್ತೇನೆಂದೆ.

“ನೀನಾ? ನನ್ನ ಆಟೊದಾಗ?” ಎಂದು ಹಿಂದಿನ ಸೀಟಿನ ಮೇಲಿನ ಬ್ಯಾಟರಿಯನ್ನು ಸರಿಸಿದ. “ಕುಂದ್ರು. ನಾಚಿಕಿ ಆದ್ರ ಬ್ಯಾಟರಿ ಹಿಂದ ಅಡಗಿಕೊ, ಜಾಗ ಅದ.”

ಕಲ್ಲೂರಿಗೆ ಬಂದಾಗ ಗಂಡಸರು ಹೊಲಕ್ಕೆ ಹೋಗಿದ್ದರು. ಮನೆಗಳಲ್ಲಿ ರೊಟ್ಟಿ ಬಡಿಯುವ ಸದ್ದು. ಆಟೊದವನು ಪ್ಲೇಯರ್ ಚಾಲೂ ಮಾಡಿದ. ನನ್ನ ದನಿ ನನ್ನ ತಲೆಯ ಮೇಲಿನ ಹಾರ್ನ್‌ನಿಂದಲೇ ಹೊರಟಿತು. ನಾನು ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಹಿಂದಕ್ಕೆ ತಿರುಗಿ ಕುಳಿತೆ. ಆಟೊ ಹಿಂದೆ ಬಿಟ್ಟು ಬಂದ ಮನೆಗಳು ನನಗೆ ಕಾಣುತ್ತಿದ್ದವು. ಅದರಿಂದಲೇ ನನಗೆ ಅದು ಕಂಡಿತು.

ಆಟೊ ಮುಂದೆ ಹೋದ ಮೇಲೆ ಬಾಗಿಲುಗಳಲ್ಲಿ ಹೆಂಗಸರು ಬಂದು ನಿಲ್ಲುತ್ತಿದ್ದರು. ಕೈಗೆ ಹಿಟ್ಟು ಮೆತ್ತಿಕೊಂಡವರು, ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡವರು. ಪ್ರತಿ ಮನೆಯಲ್ಲೂ ನಾವು ಹೋದ ಮೇಲೆಯೇ. ಬಂದು, ಎಡಕ್ಕೂ ಬಲಕ್ಕೂ ನೋಡಿ, ಪಕ್ಕದವರ ಮುಖ ನೋಡಿ, ಒಳಗೆ ಹೋಗುತ್ತಿದ್ದರು.

ಆಟೊ ನಿಲ್ಲಿಸಲು ಹೇಳಿ ಕೆಳಗಿಳಿದೆ. ಒಬ್ಬ ಮುದುಕಿ ಹೊಸ್ತಿಲ ಮೇಲೆ ಚೌಕಟ್ಟು ಹಿಡಿದು ನಿಂತಿದ್ದಳು. ಒಂದು ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ.

“ಯವ್ವಾ, ಏನಂದ್ರು ಕೇಳ್ತೇನು?” ಎಂದು ಕೇಳಿದೆ.

“ಕಲ್ಲೂರು, ತಾಯಂದಿರೇ ಅಂದದ್ದು ಕೇಳ್ತು. ನಮ್ಮನ್ನ ಕರ್ಯಾಕತ್ತಾರ ಅಂತ ಒಲಿ ಮುಂದಿನಿಂದ ಎದ್ದೆ. ಈ ಮೊಣಕಾಲು ಎದ್ದು ಹೊಸ್ತಲಕ್ಕ ಬರೂದ್ರಾಗ ಮಾತು ಮುಗದು ಗಾಡಿ ಆ ಕಡಿ ಹೋಗಿತ್ತು. ಹೋದ ವಾರನೂ ಹಂಗೇ ಮಾಡಿದ್ರು. ಕರೆಯಾಕಿ ಕರದು ನಿಂದ್ರಬೇಕಲ್ಲ ಬೇ? ಭಾಳ ಅವಸರದಾಕಿ ಇರಬೇಕು.”

ಅವಸರದವಳು ನಾನೇ ಎಂದು ಅವಳಿಗೆ ಹೇಳಲಿಲ್ಲ. ಏನು ಸುದ್ದಿ ಎಂಬುದನ್ನು ಮಾತ್ರ ಹೇಳಿದೆ. ಅವಳು ಪೊರೆಯ ಕಣ್ಣನ್ನು ಮುಟ್ಟಿ ನೋಡಿಕೊಂಡಳು.

ಹಿಂತಿರುಗಿ ಆಟೊದವನನ್ನು ಕೇಳಿದೆ. “ಮೊದ್ಲ ನೀ ನಮ್ಮೂರ ಓಣ್ಯಾಗ ನಿಂದ್ರಸ್ತಿದ್ದೆಲ್ಲ, ಈಗ ಯಾಕ ನಿಂದ್ರಸವಲ್ಲಿ?”

“ನೀ ಸುಮ್ಮಾದ್ರ ನಾ ನಿಂದ್ರಸ್ತಿದ್ದೆ. ಕರದು ಸುಮ್ಮಾಗ್ತಿದ್ದೆಲ್ಲ, ಅದು ಕೇಳಿದ ಕೂಡ್ಲೆ ಕಾಲು ತಾನೇ ಬ್ರೇಕಿಗಿ ಹೋಗ್ತಿತ್ತು. ಈಗ ನೀ ಸುಮ್ಮಾಗೂದೇ ಇಲ್ಲ. ಎದುರಿಗಿ ಮಾತಾಡಂದ್ರ ಬಾಯಿ ಬಿಡದಾಕಿ, ಹಾರ್ನ್‌ನ್ಯಾಗ ಬಾಯಿ ಮುಚ್ಚವಲ್ಲಿ.”

ಇಷ್ಟೇ ವಿಷಯ. ನಾನು ಹಾಕಿದ ಖಾಲಿಯನ್ನು ಆ ನೀಲಿ ಪಟ್ಟಿಯ ಪ್ರೋಗ್ರಾಮು ಉಳಿಸುವಾಗ ತೆಗೆದುಬಿಟ್ಟಿತ್ತು. ಖಾಲಿ ಇಲ್ಲವಾದ್ದರಿಂದ ಆಟೊ ನಿಲ್ಲಲಿಲ್ಲ. ಆಟೊ ನಿಲ್ಲದ್ದರಿಂದ ಒಲೆಯ ಮುಂದೆ ಇದ್ದವರು ಬಾಗಿಲಿಗೆ ಬರುವಷ್ಟರಲ್ಲಿ ಸುದ್ದಿ ಪಕ್ಕದ ಓಣಿಗೆ ಹೋಗಿತ್ತು. ಕರೆ ಅವರನ್ನು ಎಬ್ಬಿಸುವುದಕ್ಕೆ, ಖಾಲಿ ಅವರು ನಡೆದು ಬರುವುದಕ್ಕೆ. ನಿಮ್ಮ ತಾತ ಯಾಕೆ ಎಂದು ಹೇಳಿರಲಿಲ್ಲ. ಅವರು ಕ್ಯಾಸೆಟ್ಟಿನ ಕಾಲದಿಂದ ಆಟೊದ ಜೊತೆ ತಿರುಗಿದವರು, ಹೇಳುವಂಥದ್ದು ಎಂದು ಅವರಿಗೆ ಅನಿಸಿರಲಿಕ್ಕಿಲ್ಲ.

ತಿರುಗಿ ದೇವದುರ್ಗಕ್ಕೆ ಹೋಗಿ ಸರಿ ಮಾಡಿಕೊಂಡು ಬರಲು ಹೊತ್ತಿರಲಿಲ್ಲ. ಶಿಬಿರ ಮರುದಿನ ಬೆಳಿಗ್ಗೆ. ಆಟೊದವನು ಸೀಟಿನ ಕೆಳಗಿನಿಂದ ಮೈಕ್ ಎಳೆದು ನನ್ನ ಮುಂದೆ ಹಿಡಿದ.

“ಇದಕ್ಯಾಕ ಇಷ್ಟು ವಿಚಾರ? ನೀನೇ ಹೇಳಿಬಿಡು. ದನಿ ನಿಂದೇ ಅದ, ಬಾಯಿನೂ ತಂದೀದಿ.”

ಅಷ್ಟರಲ್ಲಿ ನಾಲ್ಕಾರು ಹೆಂಗಸರು ಸೇರಿ ನನ್ನನ್ನೇ ನೋಡುತ್ತಿದ್ದರು. ನಾನು ಮೈಕ್ ತೆಗೆದುಕೊಳ್ಳಲಿಲ್ಲ. ಪ್ಲೇಯರನ್ನು ನೋಡಿದೆ. ಅದರಲ್ಲಿ ಎರಡು ಗೆರೆಯ ಒಂದು ಗುಂಡಿ ಇತ್ತು. ಒಮ್ಮೆ ಒತ್ತಿದರೆ ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ನಿಂತಲ್ಲಿಂದ ಮುಂದೆ ಹೋಗುತ್ತದೆ.

“ನೀ ಗಾಡಿ ನೋಡ್ಕೊ. ಇದನ್ನ ನಾ ನೋಡ್ಕೋತೀನಿ,” ಎಂದೆ.

ಪ್ಲೇಯರನ್ನು ಮಡಿಲಲ್ಲಿ ಇಟ್ಟುಕೊಂಡೆ. ‘ಕಲ್ಲೂರು ಗ್ರಾಮದ ಹಿರಿಯರೇ, ತಾಯಂದಿರೇ’ ಎಂದು ಹಾರ್ನ್ ಕರೆಯಿತು. ಗುಂಡಿ ಒತ್ತಿದೆ. ದನಿ ನಿಂತಿತು, ಆಟೊವೂ ನಿಂತಿತು. ಉಸಿರು ಎಳೆದು ಬಿಟ್ಟು ಲೆಕ್ಕ ಹಾಕಲಿಲ್ಲ, ಬಾಗಿಲುಗಳನ್ನು ನೋಡಿದೆ. ಮೊದಲನೆಯವಳು ಬಂದಳು, ಎರಡನೆಯವಳು ಬಂದಳು, ಕೋಲೂರಿಕೊಂಡು ಒಬ್ಬ ಅಜ್ಜ ಬಂದ. ಮತ್ತೆ ಒತ್ತಿದೆ. ಸುದ್ದಿ ಹೋಯಿತು. ಉಸಿರಿನ ಲೆಕ್ಕದ ಖಾಲಿಗಿಂತ ಇದು ಉದ್ದವಾಗಿತ್ತು. ಮೊಣಕಾಲು ನೋವಿನವರಿಗೆ ನನ್ನ ಉಸಿರು ಸಾಲುತ್ತಿರಲಿಲ್ಲ ಎಂಬುದು ಆಗ ತಿಳಿಯಿತು. ಹೀಗೆ ಓಣಿ ಓಣಿಯಲ್ಲೂ ಕರೆಯುತ್ತ ನಿಲ್ಲುತ್ತ ಊರು ಮುಗಿಸಿದೆವು. ಬಿಸಿಲೇರಿದಾಗ ಆಟೊದವನು, “ನಿನ್ನ ಜೋಡಿ ಬಂದ್ರ ಇಂಜಿನ್ನಿಗಿಂತ ಬ್ರೇಕೇ ಸವೀತದ ಯಕ್ಕಾ,” ಎಂದ. ನಿಲ್ಲಿಸುವುದನ್ನು ಮಾತ್ರ ಎಲ್ಲಿಯೂ ತಪ್ಪಿಸಲಿಲ್ಲ.

ಅಂಗಡಿಗೆ ಬಂದು ಪ್ರೋಗ್ರಾಮಿನ ಪಟ್ಟಿಗಳನ್ನು ಒಂದೊಂದಾಗಿ ತೆರೆದು ಓದಿದೆ. ಉಳಿಸುವ ಕಿಟಕಿಯ ಕೆಳಗೆ, ಸಣ್ಣ ಅಕ್ಷರದಲ್ಲಿ, ಸದ್ದಿಲ್ಲದ ಜಾಗವನ್ನು ತೆಗೆದುಹಾಕು ಎಂಬ ಸಾಲಿತ್ತು. ಅದರ ಮುಂದೆ ಮೊದಲೇ ಗುರುತು ಬಿದ್ದಿತ್ತು. ನಾನು ಹಾಕಿದ್ದಲ್ಲ, ಮಾಡಿದವರೇ ಹಾಕಿ ಕಳಿಸಿದ್ದು. ಅವರ ಕಡೆ ಆ ಜಾಗ ಯಾರಿಗೂ ಬೇಡವಾಗಿರಬಹುದು. ಗುರುತು ತೆಗೆದೆ. ಕರೆಯ ನಂತರ ಉದ್ದನೆಯ ಖಾಲಿ ಹಾಕಿ ಗೂಗಲ್ಲಿನ ಫೈಲು ಮಾಡಿದೆ. ಖಾಲಿಯ ಮೇಲೆ ಪ್ರೋಗ್ರಾಮು ಕೆಂಪು ಗೆರೆ ಎಳೆದು ಎಚ್ಚರಿಸಿತು. ಹಾಗೇ ಬಿಟ್ಟೆ.

ಮರುದಿನ ಮಧ್ಯಾಹ್ನ ನರ್ಸ್ ಫೋನ್ ಮಾಡಿದರು. ಈ ಸಲವೂ ಮಾಲಕರು ಸ್ಪೀಕರ್ ಹಾಕಿದರು. ಹಿಂದೆ ಜನರ ಗದ್ದಲ ಕೇಳುತ್ತಿತ್ತು.

“ಬೆಂಚು ಸಾಲವಲ್ಲವು, ಮಂದಿ ಕಟ್ಟಿ ಮ್ಯಾಲ ಕುಂತಾರ. ಒಬ್ಬಾಕಿ ಮುದುಕಿಗಿ ಆಪರೇಷನ್ ಮಾಡಬೇಕಂತ ಬರದಾರ ಡಾಕ್ಟರು. ಆಕಿ ಮನಿಗಿ ಹೋಗೂದು ಬಿಟ್ಟು, ಬಂದವ್ರಿಗೆಲ್ಲ ‘ಈ ಸಲ ಆಕಿ ನಿಂತು ಕರದಳು’ ಅಂತ ಹೇಳ್ಕೋಂತ ಕುಂತಾಳ. ಯಾರ್ರೀ ಆಕಿ?”

ಮಾಲಕರು ನನ್ನ ಕಡೆ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ. “ನಮ್ಮ ಅಂಗಡಿಯವ್ರೇ,” ಎಂದಷ್ಟೇ ಹೇಳಿ, ಗೂಗಲ್ಲಿಗೆ ಯಾವ ದಿನ ಎಂದು ಕೇಳಿ ಬರೆದುಕೊಂಡರು. ಗೂಗಲ್ಲಿನ ಫೈಲನ್ನು ಕೇಳಿ, “ಅಕ್ಕಾ, ನಡುವ ಇಷ್ಟು ಸುಮ್ಮ ಯಾಕ?” ಎಂದರು. ಹೇಳಿದೆ. ಅವರು ಎದ್ದು, ಬಾಗಿಲ ಪಕ್ಕದ ಎರಡು ಪೆಟ್ಟಿಗೆಗಳನ್ನು ಎತ್ತಿಕೊಂಡು ಮಾಳಿಗೆಗೆ ಹೋದರು.

ನೀಲಿ ಪಟ್ಟಿಯದು ಈಗ ನನಗೆ ಕೈಗೂಡಿದೆ. ಕತ್ತರಿಯ ಚಿತ್ರವನ್ನು ಮೂಲೆಯಿಂದ ತೆಗೆದಿಲ್ಲ. ತೆರೆಯುವುದಿಲ್ಲ ಎಂದು ಗೊತ್ತು.

ನಾನು ಮಾಡಿದ ಫೈಲುಗಳನ್ನು ನೀವು ಮೊಬೈಲಿನಲ್ಲಿ ಕೇಳುವಾಗ ನಡುವಿನ ಜಾಗವನ್ನು ಬೆರಳಿನಿಂದ ಮುಂದಕ್ಕೆ ಓಡಿಸುವುದನ್ನು ನೋಡಿದ್ದೇನೆ. ಈ ಕಾಗದದ ಜೊತೆಗಿರುವ ಪೆನ್‌ಡ್ರೈವಿನಲ್ಲಿ ನಿಮ್ಮ ಹೆಸರುಗಳನ್ನೂ ಊರಿನ ಹೆಸರುಗಳಂತೆಯೇ ಒಂದೊಂದಾಗಿ ಕರೆದು ಹಾಕಿದ್ದೇನೆ. ಹೆಸರು ಕರೆದ ಮೇಲೆ ಸ್ವಲ್ಪ ಹೊತ್ತು ಏನೂ ಕೇಳುವುದಿಲ್ಲ. ಫೈಲು ಕೆಟ್ಟಿಲ್ಲ. ನೀವು ಬಾಗಿಲಿಗೆ ಬರಲೆಂದು ನಿಂತಿದ್ದೇನೆ.